ಕೀಕ್ಯಾಡ್ ಫುಟ್‌ಪ್ರಿಂಟ್ ಲೈಬ್ರರಿ: ನಾಲ್ಕು ಕಂಪ್ಯೂಟರಿನಲ್ಲಿ ನಾಲ್ಕು ತರ, ಒಂದು ಮಾಡುವುದು ಹೇಗೆ?

ಬೈಕಂಪಾಡಿ_ಬೋರ್ಡ್ (ಪ್ರಶ್ನೆ)

ನಮಸ್ಕಾರ. ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದು ನಾಲ್ಕು ಜನರ ಸಣ್ಣ ಡಿಸೈನ್ ಘಟಕ. ತೋಟದ ಪಂಪ್ ಕಂಟ್ರೋಲರ್, ಟ್ಯಾಂಕಿನ ನೀರಿನ ಮಟ್ಟ ತೋರಿಸುವ ಬೋರ್ಡ್, ಅಂಥದ್ದು. ಎಲ್ಲರದ್ದೂ ಕೀಕ್ಯಾಡ್ 8 (ಸರ್ಕ್ಯೂಟ್ ಬೋರ್ಡ್ ಬಿಡಿಸುವ ಉಚಿತ ಸಾಫ್ಟ್‌ವೇರ್). ಮೂರು ಕಂಪ್ಯೂಟರ್ ವಿಂಡೋಸ್, ಒಂದು ಉಬುಂಟು. ಹಳೆಯ ಪ್ರಾಜೆಕ್ಟ್ ಸುಮಾರು 30 ಉಂಟು, ಕೆಲವು ಕೀಕ್ಯಾಡ್ 5ರ ಕಾಲದ್ದು.

ಫುಟ್‌ಪ್ರಿಂಟ್‌ಗಳು (ಬಿಡಿಭಾಗವನ್ನು ಬೋರ್ಡಿಗೆ ಬೆಸೆಯುವ ತಾಮ್ರದ ಜಾಗಗಳ, ಅಂದರೆ ಪ್ಯಾಡುಗಳ, ನಕ್ಷೆ) ಮೂರು ಕಡೆಯಿಂದ ಬಂದವು: ಕೀಕ್ಯಾಡ್ ಜೊತೆಗೇ ಬರುವವು, ಬಿಡಿಭಾಗದ ವೆಬ್‌ಸೈಟ್‌ಗಳಿಂದ ಇಳಿಸಿಕೊಂಡವು, ಹಳೆಯ ಪ್ರಾಜೆಕ್ಟಿನ ಫೋಲ್ಡರಿನಿಂದ ನಕಲು ಮಾಡಿದವು. ಈಗಿನ ಅವಸ್ಥೆ ಹೀಗೆ:

ಒಬ್ಬರ ಪ್ರಾಜೆಕ್ಟನ್ನು ಇನ್ನೊಬ್ಬರು ತೆರೆದರೆ ಲೈಬ್ರರಿ ಸಿಗುತ್ತಿಲ್ಲ ಎಂಬ ಸೂಚನೆ, 3ಡಿ ಚಿತ್ರದಲ್ಲಿ ಅರ್ಧ ಭಾಗಗಳೇ ಇಲ್ಲ.

ಲೈಬ್ರರಿಯಲ್ಲಿ ಪ್ಯಾಡ್ ಅಳತೆ ಸರಿ ಮಾಡಿ ಎಫ್8 (ಸರ್ಕ್ಯೂಟಿನ ಬದಲಾವಣೆಯನ್ನು ಬೋರ್ಡಿಗೆ ತರುವ ಕೀ) ಒತ್ತಿದರೂ ಬೋರ್ಡಿನಲ್ಲಿ ಹಳೆಯ ಪ್ಯಾಡೇ ಉಳಿಯುತ್ತದೆ. ಡಿಆರ್‌ಸಿ (ಬೋರ್ಡಿನ ನಿಯಮ ಪರೀಕ್ಷೆ) ಮಾತ್ರ 'ಲೈಬ್ರರಿಯ ಪ್ರತಿಗೆ ಹೊಂದುತ್ತಿಲ್ಲ' ಎಂದು 40-50 ಎಚ್ಚರಿಕೆ ಕೊಡುತ್ತದೆ. ಅದನ್ನು ಈಗ ಯಾರೂ ಓದುವುದೇ ಇಲ್ಲ.

ಒಂದೇ 0603 ರೆಸಿಸ್ಟರಿಗೆ ಐದು ಫುಟ್‌ಪ್ರಿಂಟ್ ಉಂಟು, ಐದೂ ಬೇರೆ ಬೇರೆ. ಟ್ರಾನ್ಸಿಸ್ಟರ್, ರೆಗ್ಯುಲೇಟರ್‌ಗಳಲ್ಲಿ ಪಿನ್ ಅದಲುಬದಲಾಗುವುದು ಇನ್ನೂ ನಿಂತಿಲ್ಲ.

ಕೇಳಲಿಕ್ಕಿರುವುದು ಇಷ್ಟು: ಫೋಲ್ಡರ್ ಜೋಡಣೆ ಹೇಗಿರಬೇಕು? ಇಳಿಸಿಕೊಂಡ ಫುಟ್‌ಪ್ರಿಂಟನ್ನು ಒಳಗೆ ಸೇರಿಸುವ ಮೊದಲು ಎಂತದ್ದೆಲ್ಲ ನೋಡಬೇಕು? ಹಳೆಯ 30 ಪ್ರಾಜೆಕ್ಟನ್ನು ಎಂತ ಮಾಡುವುದು? ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತೆಗೆದುಕೊಳ್ಳುವ ಆಲೋಚನೆ ಸದ್ಯಕ್ಕಿಲ್ಲ.

ಕಡಲತಡಿ_ಲೇಔಟ್

ಎಫ್8 ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದ ಗೊಂದಲ ಅರ್ಧಕ್ಕರ್ಧ ಹುಟ್ಟುವುದು ಅಲ್ಲಿಂದಲೇ.

ಫುಟ್‌ಪ್ರಿಂಟನ್ನು ಬೋರ್ಡಿನ ಮೇಲೆ ಇಟ್ಟ ಕೂಡಲೇ ಅದರ ಪೂರ್ತಿ ನಕಲು ಬೋರ್ಡ್ ಫೈಲಿನ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಲೈಬ್ರರಿಗೂ ಬೋರ್ಡಿಗೂ ಉಳಿಯುವ ನಂಟು ಹೆಸರಿನದ್ದು ಮಾತ್ರ: ಲೈಬ್ರರಿಯ ಅಡ್ಡಹೆಸರು, ಒಂದು ಕೋಲನ್, ಫುಟ್‌ಪ್ರಿಂಟಿನ ಹೆಸರು. ಎಫ್8 ಒತ್ತಿದಾಗ ಕೀಕ್ಯಾಡ್ ನೋಡುವುದು ಈ ಹೆಸರು ಬದಲಾಗಿದೆಯೇ ಎಂದಷ್ಟೇ. ಹೆಸರು ಅದೇ ಇದ್ದು ಒಳಗಿನ ಪ್ಯಾಡ್ ಬದಲಾಗಿದ್ದರೆ ಅದು ಮುಟ್ಟುವುದಿಲ್ಲ. ಒಳಗಿನದ್ದು ಬದಲಾಗಬೇಕಾದರೆ ಬೋರ್ಡ್ ಎಡಿಟರಿನ ಟೂಲ್ಸ್ ಮೆನುವಿನಲ್ಲಿ 'ಅಪ್‌ಡೇಟ್ ಫುಟ್‌ಪ್ರಿಂಟ್ಸ್ ಫ್ರಮ್ ಲೈಬ್ರರಿ' ಬಳಸಬೇಕು.

ಇದರಿಂದ ಒಂದು ಸಮಾಧಾನವೂ ಉಂಟು. ಲೈಬ್ರರಿ ಸಿಗದಿದ್ದರೂ ಬೋರ್ಡ್ ಹಾಳಾಗಿಲ್ಲ, ಗರ್ಬರ್ ಫೈಲ್ (ಬೋರ್ಡ್ ತಯಾರಿಸುವವರಿಗೆ ಕೊಡುವುದು) ಸರಿಯಾಗಿಯೇ ಬರುತ್ತದೆ. ಹಳೆಯ ಪ್ರಾಜೆಕ್ಟ್ ಮರುಮುದ್ರಣಕ್ಕೆ ಹೋಗುವಾಗ ಕೆಂಪು ಸೂಚನೆ ನೋಡಿ ಗಾಬರಿಯಾಗಿ 'ಎಲ್ಲವನ್ನೂ ಅಪ್‌ಡೇಟ್' ಒತ್ತುವುದೇ ನಿಜವಾದ ಅಪಾಯ.

ಆ ಅಪ್‌ಡೇಟ್ ಕಿಟಕಿಯಲ್ಲಿ ಟಿಕ್ ಹಾಕುವ ಜಾಗಗಳನ್ನು ಓದಿಯೇ ಒತ್ತಿ. ಅಕ್ಷರಗಳ ಸ್ಥಾನ ಮರುಹೊಂದಿಸುವ ಟಿಕ್ ಇದ್ದರೆ ನೀವು ಕೂತು ಸರಿಸಿದ ಆರ್1, ಸಿ4 ಎಲ್ಲ ಮೊದಲಿನ ಜಾಗಕ್ಕೆ ಹಾರಿ ಒಂದರ ಮೇಲೊಂದು ಬೀಳುತ್ತವೆ. ಲೈಬ್ರರಿಯಲ್ಲಿ ಇಲ್ಲದ ಅಕ್ಷರ ತೆಗೆಯುವ ಟಿಕ್ ಇದ್ದರೆ ಕನೆಕ್ಟರ್ ಪಕ್ಕ ಫುಟ್‌ಪ್ರಿಂಟಿನ ಒಳಗೇ ಬರೆದ '12 ವೋಲ್ಟ್' ಮಾಯ. ಪ್ಯಾಡ್ ಮಾತ್ರ ಬದಲಿಸಬೇಕಿದ್ದರೆ ಇವೆರಡನ್ನೂ ತೆಗೆದು, ಇಡೀ ಬೋರ್ಡಿಗಲ್ಲದೆ ಆ ಒಂದು ಫುಟ್‌ಪ್ರಿಂಟ್ ಹೆಸರಿಗೆ ಸೀಮಿತ ಮಾಡಿ ಅಪ್‌ಡೇಟ್ ಮಾಡಿ. ಆಮೇಲೆ ಡಿಆರ್‌ಸಿ ಕಡ್ಡಾಯ, ಪ್ಯಾಡ್ ದೊಡ್ಡದಾದರೆ ಪಕ್ಕದ ಟ್ರ್ಯಾಕಿಗೆ ತಾಗಬಹುದು.

ಈಗ ಫೋಲ್ಡರ್. ಕೀಕ್ಯಾಡಿನಲ್ಲಿ ಎರಡು ಪಟ್ಟಿ ಉಂಟು: ಕಂಪ್ಯೂಟರಿಗೆಲ್ಲ ಒಂದೇ ಆದ ಗ್ಲೋಬಲ್ ಪಟ್ಟಿ, ಆಯಾ ಪ್ರಾಜೆಕ್ಟಿನ ಪಟ್ಟಿ. ಒಂದೇ ಅಡ್ಡಹೆಸರು ಎರಡರಲ್ಲೂ ಇದ್ದರೆ ಪ್ರಾಜೆಕ್ಟಿನದ್ದು ಗೆಲ್ಲುತ್ತದೆ. ಅದೇ ಹೆಸರು ನಿಮ್ಮ ಕಂಪ್ಯೂಟರಿನಲ್ಲಿ ಒಂದು ಪ್ಯಾಡ್, ಪಕ್ಕದವರಲ್ಲಿ ಇನ್ನೊಂದು ಪ್ಯಾಡ್ ತೋರಿಸುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ನಿಮ್ಮ ಸ್ವಂತ ಲೈಬ್ರರಿಗಳ ಅಡ್ಡಹೆಸರಿಗೆಲ್ಲ ಒಂದೇ ಮುಂಗುರುತು ಇಡಿ, ಕೀಕ್ಯಾಡಿನ ಸ್ವಂತ ಹೆಸರುಗಳ ಜೊತೆ ಡಿಕ್ಕಿಯಾಗದ ಹಾಗೆ.

ಒಂದೇ ಮೂಲ ಫೋಲ್ಡರ್ ಸಾಕು. ಅದರೊಳಗೆ ಸಿಂಬಲ್ (ಸರ್ಕ್ಯೂಟ್ ಚಿತ್ರದಲ್ಲಿ ಭಾಗದ ಗುರುತು), ಫುಟ್‌ಪ್ರಿಂಟ್, 3ಡಿ, ಡೇಟಾಶೀಟ್ (ತಯಾರಕರ ವಿವರಪತ್ರ) ಎಂದು ನಾಲ್ಕು. ಇಡೀ ಫೋಲ್ಡರ್ ಗಿಟ್‌ನಲ್ಲಿರಲಿ (ಫೈಲಿನ ಬದಲಾವಣೆ ದಾಖಲಿಸಿ ಎಲ್ಲರಿಗೂ ಹಂಚುವ ಸಾಧನ). ಪ್ರತಿ ಕಂಪ್ಯೂಟರಿನಲ್ಲಿ ಪ್ರಿಫರೆನ್ಸಸ್‌ನ 'ಕಾನ್ಫಿಗರ್ ಪಾತ್ಸ್'ಗೆ ಹೋಗಿ ಒಂದು ವೇರಿಯೇಬಲ್ (ಫೋಲ್ಡರಿನ ದಾರಿಗೆ ಇಡುವ ಹೆಸರು) ಮಾಡಿ. ಟೀಮ್_ಲಿಬ್ ಎಂದಿಟ್ಟುಕೊಳ್ಳಿ, ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಜಾಗ ಬಿಡದೆ. ಒಬ್ಬರಲ್ಲಿ ಅದು ಡಿ ಡ್ರೈವ್, ಉಬುಂಟುವಿನಲ್ಲಿ ಹೋಮ್ ಫೋಲ್ಡರ್, ಹೇಗಿದ್ದರೂ ಆಗುತ್ತದೆ. ಲೈಬ್ರರಿ ಪಟ್ಟಿಯಲ್ಲಿಯೂ 3ಡಿ ಮಾದರಿಯ ದಾರಿಯಲ್ಲಿಯೂ ಈ ವೇರಿಯೇಬಲ್ ಬರಬೇಕೇ ಹೊರತು ಸಿ ಡ್ರೈವಿನಿಂದ ಶುರುವಾಗುವ ಪೂರ್ತಿ ದಾರಿ ಬರಬಾರದು. ನಿಮ್ಮ 3ಡಿ ಭಾಗಗಳು ಮಾಯವಾಗುವುದು ಈ ಪೂರ್ತಿ ದಾರಿಯಿಂದಲೇ. ಕೀಕ್ಯಾಡ್ 5ರ ಪ್ರಾಜೆಕ್ಟುಗಳಲ್ಲಿ ಕಾರಣ ಇನ್ನೊಂದು: ಆಗಿನ ವೇರಿಯೇಬಲ್ ಹೆಸರುಗಳೇ ಬೇರೆ, 6ರಿಂದ ಆವೃತ್ತಿಯ ಅಂಕಿ ಸೇರಿದ ಹೆಸರು ಬಂತು.

ಉಬುಂಟುವಿನವರಿಗೆ ಒಂದು ಮಾತು. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. ಮೂರು ಕಂಪ್ಯೂಟರಿನಲ್ಲಿ ನಡೆದದ್ದು ನಾಲ್ಕನೆಯದರಲ್ಲಿ ನಡೆಯದಿದ್ದರೆ ಮೊದಲು ಫೋಲ್ಡರ್ ಹೆಸರಿನ ಅಕ್ಷರಗಳನ್ನೇ ನೋಡಿ.

ಗಿಟ್ ವಿಷಯದಲ್ಲಿ ಒಂದು ವ್ಯತ್ಯಾಸ ನೆನಪಿರಲಿ. ಫುಟ್‌ಪ್ರಿಂಟ್ ಲೈಬ್ರರಿ ಎಂದರೆ ಹೆಸರಿನ ಕೊನೆಯಲ್ಲಿ ಡಾಟ್ ಪ್ರೆಟಿ ಇರುವ ಒಂದು ಫೋಲ್ಡರ್, ಒಂದೊಂದು ಫುಟ್‌ಪ್ರಿಂಟ್ ಒಂದೊಂದು ಫೈಲ್. ಇಬ್ಬರು ಒಟ್ಟಿಗೆ ಕೆಲಸ ಮಾಡಿದರೂ ಜಗಳ ಬಾರದು. ಸಿಂಬಲ್ ಲೈಬ್ರರಿ ಹಾಗಲ್ಲ, ಕೀಕ್ಯಾಡ್ 8ರಲ್ಲಿ ಇಡೀ ಲೈಬ್ರರಿ ಒಂದೇ ಫೈಲ್. ಇಬ್ಬರು ಒಂದೇ ದಿನ ತಿದ್ದಿದರೆ ವಿಲೀನ ಮಾಡುವಾಗ ತಲೆ ಕೆಡುತ್ತದೆ. ಸಿಂಬಲ್ ತಿದ್ದುವ ಅಧಿಕಾರ ಒಬ್ಬರ ಕೈಯಲ್ಲಿರಲಿ, ಅಥವಾ ಸಿಂಬಲ್ ಲೈಬ್ರರಿಯನ್ನು ಪವರ್, ಕನೆಕ್ಟರ್, ಸೆನ್ಸರ್ ಎಂದು ಸಣ್ಣ ಸಣ್ಣ ಫೈಲ್ ಮಾಡಿ.

ನಾಲ್ವರೂ ಒಂದೇ ಆವೃತ್ತಿಯಲ್ಲಿರಿ. ಕೀಕ್ಯಾಡ್ 9 ಬಂದದ್ದು 2025ರ ಫೆಬ್ರವರಿಯಲ್ಲಿ. ಒಬ್ಬರು ಅದನ್ನು ಹಾಕಿಕೊಂಡು ಲೈಬ್ರರಿಯಲ್ಲಿ ಏನಾದರೂ ತಿದ್ದಿ ಉಳಿಸಿದರೆ 8 ಇರುವ ಮೂವರಿಗೆ ಆ ಫೈಲ್ ತೆರೆಯುವುದೇ ಇಲ್ಲ.

ಸೋಲ್ಡರ್_ಭಟ್ರು

ಫೋಲ್ಡರ್ ಎಲ್ಲ ಸರಿ ಮಾರಾಯ್ರೆ, ಆದ್ರೆ ತಪ್ಪು ಫುಟ್‌ಪ್ರಿಂಟನ್ನು ಗಿಟ್‌ನಲ್ಲಿ ಇಟ್ರೆ ನಾಲ್ಕೂ ಕಂಪ್ಯೂಟರಿಗೆ ತಪ್ಪೇ ಸರಿಯಾಗಿ ಹೋಗ್ತದೆ, ಅಷ್ಟೇ. ಪರಿಶೀಲನೆಯ ಬಗ್ಗೆ ಹೇಳ್ತೇನೆ.

ಮೊದಲನೇದು: ಡಿಆರ್‌ಸಿ ಪಾಸ್ ಆಯ್ತು ಅಂದ್ರೆ ಪಿನ್ ಸರಿ ಉಂಟು ಅಂತಲ್ಲ. ಸರ್ಕ್ಯೂಟಿನಲ್ಲಿ 1ನೇ ಪಿನ್ನಿಗೆ ಕೊಟ್ಟದ್ದು ಬೋರ್ಡಿನಲ್ಲಿ 1ನೇ ಪ್ಯಾಡಿಗೆ ಹೋಯ್ತಾ ಅಂತ ಮಾತ್ರ ಅದು ನೋಡುದು. ನಿಮ್ಮ ಕೈಯಲ್ಲಿರುವ ಭಾಗದ 1ನೇ ಕಾಲು ಯಾವುದು ಅಂತ ಅದಕ್ಕೆ ಎಂತ ಗೊತ್ತು?

ನಮ್ಮ ಕಡೆಯ ಬೋರ್ಡುಗಳಲ್ಲಿ ಹೆಚ್ಚು ಕೈಕೊಡುವವು ಇವು. ಬಿಸಿ547 ಟ್ರಾನ್ಸಿಸ್ಟರ್, ಟಿಒ-92 ಡಬ್ಬಿ (ಭಾಗದ ಹೊರಕವಚದ ಮಾದರಿ): ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಮಾಡಿ ಹಿಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904 ಅದೇ ಡಬ್ಬಿ, ಆದ್ರೆ ಎಮಿಟರ್, ಬೇಸ್, ಕಲೆಕ್ಟರ್. 'ಎರಡೂ ಎನ್‌ಪಿಎನ್ ಅಲ್ವಾ, ಅದಿಲ್ಲದಿದ್ರೆ ಇದು' ಅಂತ ಹಾಕಿದ್ರೆ ಕಥೆ ಮುಗೀತು. ಎಸ್‌ಒಟಿ-23ರಲ್ಲಿ ಬಿಸಿ847, ಎಂಎಂಬಿಟಿ3904 ಎರಡಕ್ಕೂ 1 ಬೇಸ್, 2 ಎಮಿಟರ್, 3 ಕಲೆಕ್ಟರ್, ಅಲ್ಲಿ ಚಿಂತೆ ಕಡಿಮೆ.

ರೆಗ್ಯುಲೇಟರ್ ಇನ್ನೂ ಮೋಸ. 7805, ಟಿಒ-220ರಲ್ಲಿ: ಇನ್, ಗ್ರೌಂಡ್, ಔಟ್. ಅದರ ತಮ್ಮ 78ಎಲ್05, ಟಿಒ-92ರಲ್ಲಿ: ಔಟ್, ಗ್ರೌಂಡ್, ಇನ್. ಪೂರ್ತಿ ಉಲ್ಟಾ. ಎಎಂಎಸ್1117, ಎಸ್‌ಒಟಿ-223ರಲ್ಲಿ: 1 ಗ್ರೌಂಡ್, 2 ಔಟ್, 3 ಇನ್, ದೊಡ್ಡ ಟ್ಯಾಬ್ ಕೂಡ ಔಟ್.

ಆ ಟ್ಯಾಬಿನದ್ದೇ ಒಂದು ಪ್ರತ್ಯೇಕ ಗಮ್ಮತ್ತು. ಕೀಕ್ಯಾಡಿನಲ್ಲಿ ಎಸ್‌ಒಟಿ-223ಕ್ಕೆ ಟ್ಯಾಬನ್ನು 2ನೇ ಪ್ಯಾಡ್ ಎಂದು ಎಣಿಸಿದ ಫುಟ್‌ಪ್ರಿಂಟ್ ಬೇರೆ, 4ನೇ ಪ್ಯಾಡ್ ಎಂದು ಎಣಿಸಿದ್ದು ಬೇರೆ. ಮೂರೇ ಪಿನ್ನಿನ ಸಿಂಬಲಿಗೆ 4 ಪ್ಯಾಡಿನದ್ದನ್ನು ಕೊಟ್ರೆ ಟ್ಯಾಬಿಗೆ ನೆಟ್ (ವಿದ್ಯುತ್ ಸಂಪರ್ಕ) ಸಿಗುದಿಲ್ಲ, ತಾಮ್ರದ ಹರವು ಅದಕ್ಕೆ ಸೇರುದಿಲ್ಲ, ಬಿಸಿ ಹರಡ್ಲಿಕ್ಕೆ ಜಾಗ ಇಲ್ಲ, ರೆಗ್ಯುಲೇಟರ್ ಕಾಯ್ತದೆ. ಸಿಂಬಲಿನ ಪಿನ್ನಿಗೆ ಪ್ಯಾಡ್ ಇಲ್ಲದಿದ್ರೆ ಎಫ್8 ಮಾಡುವಾಗ ಬಾಯಿ ಬಿಡ್ತದೆ. ಪ್ಯಾಡಿಗೆ ಪಿನ್ ಇಲ್ಲದಿದ್ರೆ ಬರೇ ಎಚ್ಚರಿಕೆ ಕೊಡ್ತದೆ, ಕಣ್ಣು ತಪ್ಪಿ ಹೋಗ್ತದೆ. ನೆನಪಿಡಿ.

ಎಲ್‌ಇಡಿ, ಡಯೋಡ್: ಕೀಕ್ಯಾಡಿನ ಪದ್ಧತಿಯಲ್ಲಿ 1 ಎಂದರೆ ಕ್ಯಾಥೋಡ್. ಹೊರಗಿನಿಂದ ಇಳಿಸಿದ್ದರಲ್ಲಿ 1 ಆ್ಯನೋಡ್ ಆಗಿರುದೂ ಉಂಟು. ಸಿಂಬಲ್ ಅಲ್ಲಿಯದ್ದು, ಫುಟ್‌ಪ್ರಿಂಟ್ ಇಲ್ಲಿಯದ್ದು ಅಂತ ಬೆರಕೆ ಮಾಡಿದ್ರೆ ದೀಪ ಉರಿಯುದಿಲ್ಲ. ಕೆಪಾಸಿಟರಿನಲ್ಲಿ ಪಟ್ಟಿಯ ಅರ್ಥವೇ ಬೇರೆ ಬೇರೆ: ಎಸ್‌ಎಂಡಿ ಟ್ಯಾಂಟಲಮ್ ಮೇಲಿನ ಪಟ್ಟಿ ಪ್ಲಸ್, ಅಲ್ಯೂಮಿನಿಯಂ ಡಬ್ಬಿಯ ಕಪ್ಪು ಗುರುತು ಮೈನಸ್. ಸಿಲ್ಕ್ (ಬೋರ್ಡಿನ ಮೇಲಿನ ಅಚ್ಚು) ಮೇಲೆ ಪಟ್ಟಿ ಎಳೆಯುವ ಬದಲು ಸ್ಪಷ್ಟವಾಗಿ '+' ಹಾಕಿ.

ಅಳತೆಗೆ ಬರುವ. ಇಂಚಿನ ಲೆಕ್ಕದ 0603 ಅಂದ್ರೆ 1.6 × 0.8 ಮಿಮೀ, ಮೆಟ್ರಿಕ್ ಹೆಸರು 1608. ಮೆಟ್ರಿಕ್ 0603 ಅಂದ್ರೆ ಇಂಚಿನ 0201, ಕಣ್ಣಿಗೇ ಕಾಣದಷ್ಟು ಸಣ್ಣದು. ಹಾಗಾಗಿ ಕೀಕ್ಯಾಡಿನ ಹಾಗೆ ಎರಡೂ ಸಂಖ್ಯೆ ಇರುವ ಹೆಸರೇ ಇಟ್ಟುಕೊಳ್ಳಿ. ನಿಮ್ಮ ಐದರಲ್ಲಿ ಎರಡು ಸಾಕು: ರಿಫ್ಲೋಗೆ (ಒಲೆಯಲ್ಲಿ ಬೆಸೆಯುದಕ್ಕೆ) ಸಾಧಾರಣದ್ದು, ಕೈಬೆಸುಗೆಗೆ ಪ್ಯಾಡ್ ಉದ್ದ ಇರುವುದು. ಉಳಿದ ಮೂರನ್ನು ತೆಗೀರಿ.

ಕನೆಕ್ಟರ್ ಪಿಚ್ (ಪಿನ್ನಿನಿಂದ ಪಿನ್ನಿಗೆ ಅಂತರ): ಜೆಎಸ್‌ಟಿ ಎಕ್ಸ್‌ಎಚ್‌ಗೆ 2.50 ಮಿಮೀ, 2.54 ಅಲ್ಲ. ಅಂಗಡಿಯಲ್ಲಿ 2.54 ಅಂತಲೇ ಹೇಳ್ತಾರೆ, ಎರಡು ಮೂರು ಪಿನ್ನಿಗೆ ಕೂರ್ತದೆ ಕೂಡ. ಹಸಿರು ಸ್ಕ್ರೂ ಟರ್ಮಿನಲ್ 5.00ದ್ದೂ ಬರ್ತದೆ, 5.08ದ್ದೂ ಬರ್ತದೆ. ಒಂದು ಪಿನ್ನಿಗೆ 0.08 ವ್ಯತ್ಯಾಸ, 3 ಪಿನ್ನಿನದ್ದಕ್ಕೆ ಕೊನೆಯಲ್ಲಿ 0.16, ನೂಕಿದ್ರೆ ಹೋಗ್ತದೆ. 8 ಪಿನ್ನಿಗೆ 0.56, 12ಕ್ಕೆ 0.88. ಸುತ್ತಿಗೆ ತಂದ್ರೂ ಹೋಗುದಿಲ್ಲ.

ತೂತಿನ ಅಳತೆ: ಕಾಲಿನ ಅತಿ ಹೆಚ್ಚಿನ ದಪ್ಪಕ್ಕೆ 0.2ರಿಂದ 0.25 ಮಿಮೀ ಸೇರಿಸಿ. ಚೌಕ ಕಾಲಿಗೆ ಬದಿ ಅಲ್ಲ, ಕರ್ಣ ಲೆಕ್ಕ. ಸಾಮಾನ್ಯ ಹೆಡರ್ ಪಿನ್ 0.64 ಚೌಕ, ಕರ್ಣ 0.905. ಇದಕ್ಕೆ ಎಲ್ಲರೂ 1.0 ಇಡ್ತಾರೆ, ಪಿನ್ನಿನ ಮೂಲೆಗಳು ಮಾತ್ರ ಗೋಡೆಯ ಹತ್ತಿರ ಬರುದರಿಂದ ನಡೀತದೆ. ಹಳೆಯ ಕಾಲದ ಹಾಗೆ ಎಲ್ಲದಕ್ಕೂ 0.8 ಹಾಕ್ಬೇಡಿ. ಟಿಒ-92ಕ್ಕೆ ಕೈಬೆಸುಗೆ ಅಂತಾದ್ರೆ 1.27 ಪಿಚ್ಚಿನದ್ದು ಬೇಡ, ಪ್ಯಾಡುಗಳ ನಡುವೆ ಜಾಗವೇ ಇಲ್ಲ, ಸೀಸ ಸೇತುವೆ ಕಟ್ತದೆ. ಕಾಲು ಅಗಲಿಸಿದ 2.54ರದ್ದು ತೆಗೊಳ್ಳಿ.

ಕೊನೆಗೆ ಎಲ್ಲಕ್ಕಿಂತ ಅಗ್ಗದ ಪರೀಕ್ಷೆ: ಬೋರ್ಡನ್ನು 1:1 ಪ್ರಿಂಟ್ ತೆಗೆದು ಭಾಗವನ್ನು ಕಾಗದದ ಮೇಲೆ ಇಟ್ಟು ನೋಡಿ. ಪ್ರಿಂಟರಿನ 'ಪುಟಕ್ಕೆ ಹೊಂದಿಸು' ತೆಗೆದು 100% ಇಡಿ, ಜೊತೆಗೆ 100 ಮಿಮೀ ಗೆರೆ ಒಂದು ಎಳೆದು ಸ್ಕೇಲಿನಲ್ಲಿ ಅಳೆದು ನೋಡಿ. ಗೆರೆ 97 ಬಂದ್ರೆ ಕಾಗದ ಸುಳ್ಳು ಹೇಳ್ತಾ ಉಂಟು. ಕನೆಕ್ಟರನ್ನು ಕಾಗದಕ್ಕೆ ಚುಚ್ಚಿ, ಅದರ ಜೋಡಿಯನ್ನೂ ಸಿಕ್ಕಿಸಿ ನೋಡಿ, ಪಕ್ಕದ ಕೆಪಾಸಿಟರಿಗೆ ತಾಗ್ತದಾ ಅಂತ. ಬೋರ್ಡ್ ಬಂದ ಮೇಲೆ ನೋಡುದು ಅಂದ್ರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಬೈಕಂಪಾಡಿ_ಬೋರ್ಡ್

ಇಬ್ಬರಿಗೂ ಉಪಕಾರ. 78ಎಲ್05 ಉಲ್ಟಾ ಎಂಬುದು ನಮ್ಮ ಸಿಂಬಲಿನಲ್ಲಿ ಹಾಗೆಯೇ ತಪ್ಪಾಗಿತ್ತು, ಈಗ ನೋಡಿದೆ.

ಎರಡು ಸಂಶಯ. ಭಟ್ರೇ, ಇಳಿಸಿಕೊಂಡದ್ದು ಪರಿಶೀಲನೆ ಆಗಿದೆಯೋ ಇಲ್ಲವೋ ಎಂದು ಗುರುತು ಹಾಕುವುದು ಎಲ್ಲಿ? ಮತ್ತೆ ಕೀಕ್ಯಾಡ್ ಜೊತೆ ಬರುವ ಫುಟ್‌ಪ್ರಿಂಟನ್ನು ಅಲ್ಲಿಯೇ ತಿದ್ದಲಿಕ್ಕೆ ಹೋದರೆ ಉಳಿಸಲಿಕ್ಕೆ ಬಿಡುವುದಿಲ್ಲ.

ಸೋಲ್ಡರ್_ಭಟ್ರು

ಅದು ಬಿಡ್ಲಿಕ್ಕೂ ಬಾರದು. ಬಿಟ್ಟಿದ್ರೆ ಮುಂದಿನ ಆವೃತ್ತಿ ಹಾಕುವಾಗ ನೀವು ತಿದ್ದಿದ್ದೆಲ್ಲ ಒರೆಸಿ ಹೋಗ್ತಿತ್ತು. 'ಸೇವ್ ಆ್ಯಸ್' ಮಾಡಿ ನಿಮ್ಮ ಲೈಬ್ರರಿಗೆ ಹಾಕಿ, ಸಿಂಬಲಿನ ಫುಟ್‌ಪ್ರಿಂಟ್ ಜಾಗದಲ್ಲಿ ಹೊಸ ಹೆಸರು ಕೊಡಿ.

ಗುರುತಿಗೆ ಎರಡು ಲೈಬ್ರರಿ ಮಾಡಿ, 'ಕಚ್ಚಾ' ಮತ್ತು 'ಪಕ್ಕಾ'. ಇಳಿಸಿದ್ದೆಲ್ಲ ಕಚ್ಚಾಕ್ಕೆ. ಡೇಟಾಶೀಟ್ ಇಟ್ಟುಕೊಂಡು ಮಾಡಿದವರಲ್ಲದ ಇನ್ನೊಬ್ಬರು ನೋಡಿದ ಮೇಲೆ ಪಕ್ಕಾಕ್ಕೆ. ಫುಟ್‌ಪ್ರಿಂಟಿನ ವಿವರಣೆಯ ಜಾಗದಲ್ಲಿ ತಯಾರಕರ ಭಾಗಸಂಖ್ಯೆ, ಡೇಟಾಶೀಟಿನ ಪುಟಸಂಖ್ಯೆ ಬರೀರಿ. ಬೋರ್ಡ್ ಕಳಿಸುವ ಮೊದಲು ಸರ್ಕ್ಯೂಟ್ ಎಡಿಟರಿನ ಫೀಲ್ಡ್ ಪಟ್ಟಿ ತೆರೆದು ಫುಟ್‌ಪ್ರಿಂಟ್ ಕಾಲಮ್ಮನ್ನು ಹೆಸರಿನ ಪ್ರಕಾರ ಜೋಡಿಸಿದ್ರೆ ಕಚ್ಚಾದ್ದೆಲ್ಲ ಒಂದೇ ಕಡೆ ಬಂದು ನಿಲ್ತದೆ. ಒಂದಾದ್ರೂ ಇದ್ರೆ ಕಳಿಸ್ಲಿಕ್ಕಿಲ್ಲ.

ಪುಟಸಂಖ್ಯೆ ಯಾಕೆ ಅಂದ್ರೆ, ಒಂದೇ ಡೇಟಾಶೀಟಿನಲ್ಲಿ ನಾಲ್ಕು ಡಬ್ಬಿಯ ಚಿತ್ರ ಇರ್ತದೆ. ಅದರಲ್ಲೂ ಕೆಲವು ಮೇಲಿನಿಂದ ನೋಡಿದ್ದು, ಕೆಲವು ಕೆಳಗಿನಿಂದ ನೋಡಿದ್ದು. ಕೆಳಗಿನಿಂದ ನೋಡಿದ ಚಿತ್ರವನ್ನು ಹಾಗೇ ಬಿಡಿಸಿದ್ರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ಫುಟ್‌ಪ್ರಿಂಟ್ ಬರ್ತದೆ, ರಿಲೇಯಲ್ಲಿ ಇದು ಧಾರಾಳ.

ಮಣಿಪಾಲ_ಮೈಕ್ರೋ

ಹಳೆಯ ಪ್ರಾಜೆಕ್ಟುಗಳ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ. ಉಡುಪಿ ಕಡೆಯಿಂದ ನನ್ನ ಅಭಿಪ್ರಾಯ: 30ರಲ್ಲಿ ಈಗಲೂ ತಯಾರಾಗುತ್ತಿರುವ, ಮುಂದೆ ಬದಲಾವಣೆ ಬರಬಹುದಾದವು ಎಷ್ಟು ಎಂದು ಎಣಿಸಿ. ಬಹುಶಃ ಆರೇಳು ಸಿಗಬಹುದು. ಉಳಿದವನ್ನು ಮುಟ್ಟಬೇಡಿ. ಗರ್ಬರ್, ಡ್ರಿಲ್ ಫೈಲ್, ಭಾಗಗಳ ಪಟ್ಟಿ, ಪಿಡಿಎಫ್ ಸರ್ಕ್ಯೂಟ್ ಒಟ್ಟಿಗೆ ಜಿಪ್ ಮಾಡಿ ಇಡಿ. ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಚೆನ್ನಾಗಿ ನಡೆಯುತ್ತಿರುವ ಬೋರ್ಡಿಗೆ ಹೊಸ ಫುಟ್‌ಪ್ರಿಂಟ್ ಹಾಕುವುದು ಬೇಡದ ಕೆಲಸ.

ಮುಂದುವರಿಸಬೇಕಾದವಕ್ಕೆ ಹೀಗೆ ಮಾಡಿ. ಪ್ರಾಜೆಕ್ಟ್ ನಕಲು ಮಾಡಿಟ್ಟು, ಬೋರ್ಡ್ ಎಡಿಟರಿನ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಫುಟ್‌ಪ್ರಿಂಟ್‌ಗಳನ್ನು ಹೊಸ ಲೈಬ್ರರಿಗೆ ಕಳಿಸುವ ಆಯ್ಕೆ ಬಳಸಿ. ಆ ಬೋರ್ಡಿನ ಒಳಗಿರುವ ನಕಲುಗಳೆಲ್ಲ ಒಂದು ಫೋಲ್ಡರಿಗೆ ಹೊರಬರುತ್ತವೆ. ಮೂಲ ಲೈಬ್ರರಿ ಕಳೆದುಹೋಗಿದ್ದರೂ ನಷ್ಟವಿಲ್ಲ. ಅವನ್ನು ಪಕ್ಕಾ ಲೈಬ್ರರಿಯ ಜೊತೆ ಹೋಲಿಸಿ: ಒಂದೇ ಆದದ್ದಕ್ಕೆ ಸಿಂಬಲಿನ ಫುಟ್‌ಪ್ರಿಂಟ್ ಹೆಸರನ್ನು ಫೀಲ್ಡ್ ಪಟ್ಟಿಯಲ್ಲಿ ಒಟ್ಟಿಗೆ ಬದಲಿಸಿ, ಎಫ್8 ಒತ್ತುವಾಗ 'ಸರ್ಕ್ಯೂಟಿನಲ್ಲಿ ಹೇಳಿದ ಫುಟ್‌ಪ್ರಿಂಟಿನಿಂದ ಬದಲಿಸು' ಟಿಕ್ ಹಾಕಿ. ಬೇರೆಯಾದದ್ದಕ್ಕೆ ಒಂದೊಂದಾಗಿ ತೀರ್ಮಾನ ಮಾಡಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಬದಲಿಸಿದ ಮೇಲೆ ಹಳೆಯ ಗರ್ಬರ್, ಹೊಸ ಗರ್ಬರ್ ಎರಡನ್ನೂ ಗರ್ಬರ್ ವ್ಯೂವರಿನಲ್ಲಿ ಒಂದರ ಮೇಲೊಂದು ಹಾಕಿ ನೋಡಿ. ಫುಟ್‌ಪ್ರಿಂಟಿನ ಮೂಲಬಿಂದು ಒಂದರಲ್ಲಿ ನಡುವೆ, ಇನ್ನೊಂದರಲ್ಲಿ 1ನೇ ಪಿನ್ನಿನಲ್ಲಿ ಇದ್ದರೆ ಇಡೀ ಕನೆಕ್ಟರ್ ಸರಿದು ಕೂರುತ್ತದೆ. ಬೋರ್ಡಿನ ಅಂಚಿನ ಕನೆಕ್ಟರ್ 2 ಮಿಮೀ ಒಳಗೆ ಹೋದರೆ ಪೆಟ್ಟಿಗೆಯ ತೂತಿಗೆ ಸಿಗುವುದಿಲ್ಲ.

ಕಡಲತಡಿಯವರ ಒಂದು ಮಾತಿಗೆ ನನ್ನ ತಕರಾರು ಉಂಟು. ಟೀಮ್ ಲೈಬ್ರರಿ ನಾಲ್ವರ ಒಳಗೆ ಸರಿ. ಪ್ರಾಜೆಕ್ಟ್ ಹೊರಗಿನವರಿಗೆ, ಗಿರಾಕಿಗೋ ಬಿಡಿ ಕೆಲಸ ಮಾಡುವವರಿಗೋ ಹೋಗುವಾಗ ಅವರ ಕಂಪ್ಯೂಟರಿನಲ್ಲಿ ಆ ವೇರಿಯೇಬಲ್ ಇರುವುದಿಲ್ಲ. ಬಿಡುಗಡೆ ಮಾಡುವ ಹೊತ್ತಿಗೆ ಬಳಸಿದ ಫುಟ್‌ಪ್ರಿಂಟ್‌ಗಳ ನಕಲನ್ನು ಪ್ರಾಜೆಕ್ಟಿನ ಒಳಗಿನ ಫೋಲ್ಡರಿಗೆ ತೆಗೆದಿಡಿ, ಪ್ರಾಜೆಕ್ಟ್ ಪಟ್ಟಿಯಲ್ಲಿ ಕೀಕ್ಯಾಡ್ ತಾನೇ ಕೊಡುವ ಪ್ರಾಜೆಕ್ಟ್ ಫೋಲ್ಡರ್ ವೇರಿಯೇಬಲಿನಿಂದ ದಾರಿ ಕೊಡಿ.

ಕಡಲತಡಿ_ಲೇಔಟ್

ತಕರಾರು ಒಪ್ಪಿದೆ, ಒಂದು ಷರತ್ತಿನ ಮೇಲೆ. ಆ ಒಳಗಿನ ನಕಲು ಓದಲಿಕ್ಕೆ ಮಾತ್ರ. ಅದನ್ನು ಯಾರಾದರೂ ತಿದ್ದಲಿಕ್ಕೆ ಶುರು ಮಾಡಿದರೆ ಆರು ತಿಂಗಳಲ್ಲಿ ಮತ್ತೆ 'ಐದು 0603'. ಕೆಲವರು ಟೀಮ್ ಲೈಬ್ರರಿಯನ್ನು ಗಿಟ್ ಸಬ್‌ಮಾಡ್ಯೂಲ್ (ಇನ್ನೊಂದು ಗಿಟ್ ಸಂಗ್ರಹದ ಕೊಂಡಿ) ಆಗಿ ಪ್ರಾಜೆಕ್ಟಿನ ಒಳಗೆ ತರುತ್ತಾರೆ. ಯಾವ ಪ್ರಾಜೆಕ್ಟ್ ಲೈಬ್ರರಿಯ ಯಾವ ಹಂತವನ್ನು ಬಳಸಿತು ಎಂದು ದಾಖಲೆ ಸಿಗುತ್ತದೆ, ಒಳ್ಳೆಯದೇ. ಆದರೆ ಸಬ್‌ಮಾಡ್ಯೂಲ್ ಸೇರಿಸಿ ಕ್ಲೋನ್ ಮಾಡದಿದ್ದರೆ ಖಾಲಿ ಫೋಲ್ಡರ್ ಬರುತ್ತದೆ. ಗಿಟ್ ಕೈಗೆ ಹತ್ತಿದ ಮೇಲೆ ಮಾಡಿ, ಮೊದಲ ದಿನವೇ ಬೇಡ.

ಮತ್ತೆ ಆ 40-50 ಎಚ್ಚರಿಕೆ. ಡಿಆರ್‌ಸಿ ಪಟ್ಟಿಯಲ್ಲಿ ಬೇಕೆಂದೇ ಬದಲಿಸಿದ ಫುಟ್‌ಪ್ರಿಂಟಿನ ಎಚ್ಚರಿಕೆಯನ್ನು ಬಲ ಕ್ಲಿಕ್ ಮಾಡಿ ಒಂದೊಂದಾಗಿ ಹೊರಗಿಡಿ, ಇಡೀ ವರ್ಗವನ್ನು ನಿರ್ಲಕ್ಷಿಸಬೇಡಿ. ಪಟ್ಟಿ ಸೊನ್ನೆಗೆ ಬಂದ ಮೇಲೆ ಹೊಸದಾಗಿ ಒಂದು ಬಂದರೆ ಕಣ್ಣಿಗೆ ಬೀಳುತ್ತದೆ.

ಉಪ್ಪುಗಾಳಿ

ತಡವಾಗಿ ಬಂದೆ. ಪಂಪ್ ಕಂಟ್ರೋಲರ್ ಎಂದದ್ದರಿಂದ ರಿಲೇ ಫುಟ್‌ಪ್ರಿಂಟಿನ ಬಗ್ಗೆ ಎರಡು ಮಾತು.

ಇಳಿಸಿಕೊಂಡ ರಿಲೇ ಫುಟ್‌ಪ್ರಿಂಟಿನಲ್ಲಿ ಪ್ಯಾಡ್ ಮಾತ್ರ ಇರುತ್ತದೆ, 230 ವೋಲ್ಟಿನ ಕಡೆಗೂ 5 ವೋಲ್ಟಿನ ಕಡೆಗೂ ಎಷ್ಟು ಅಂತರ ಬೇಕು ಎಂಬುದು ಇರುವುದಿಲ್ಲ. ಐಇಸಿ 60664-1ರ (ನಿರೋಧನ ಅಂತರದ ಅಂತರರಾಷ್ಟ್ರೀಯ ಮಾನದಂಡ) ಲೆಕ್ಕದಲ್ಲಿ ಸಾಮಾನ್ಯ ಎಫ್‌ಆರ್4 ಬೋರ್ಡಿನ ಮೇಲೆ 250 ವೋಲ್ಟಿಗೆ ಮೇಲ್ಮೈ ಅಂತರ ಮಾಲಿನ್ಯ ದರ್ಜೆ (ಧೂಳು, ತೇವ ಎಷ್ಟು ಎಂಬುದು) 2ರಲ್ಲಿ 2.5 ಮಿಮೀ, ದರ್ಜೆ 3ರಲ್ಲಿ 4 ಮಿಮೀ. ಇದು ಮೂಲ ನಿರೋಧನಕ್ಕೆ. ಜನ ಮುಟ್ಟುವ ಕಡೆಗೆ ಬೇಕಾದ ಬಲವರ್ಧಿತ ನಿರೋಧನಕ್ಕೆ ಇದರ ಎರಡರಷ್ಟು. ಹವಾನಿಯಂತ್ರಿತ ಕೋಣೆಯ ಬೋರ್ಡಿಗೆ ದರ್ಜೆ 2 ಸಾಕು. ಆಟಿ ತಿಂಗಳ ಮಳೆಯಲ್ಲಿ ತೋಟದ ಪಂಪ್‌ಶೆಡ್ಡಿನ ತಗಡಿನ ಪೆಟ್ಟಿಗೆಯೊಳಗೆ ನೀರು ಬೆವರುವ ಜಾಗಕ್ಕೆ ನಾನು 3ನ್ನೇ ಹಿಡಿಯುವುದು.

ಆದ್ದರಿಂದ ಪಕ್ಕಾ ಲೈಬ್ರರಿಯ ರಿಲೇ ಫುಟ್‌ಪ್ರಿಂಟಿನ ಒಳಗೇ ಎರಡು ವಸ್ತು ಸೇರಿಸಿ. ಕಾಯಿಲ್ ಮತ್ತು ಕಾಂಟ್ಯಾಕ್ಟ್ ನಡುವೆ ತಾಮ್ರ ಬಾರದ ಹಾಗೆ ನಿಷೇಧ ವಲಯ, ಎಲ್ಲ ಪದರಕ್ಕೂ. ಮತ್ತೆ ಅಂತರ ಸಾಲದಿದ್ದರೆ ಎಡ್ಜ್ ಕಟ್ಸ್ (ಬೋರ್ಡ್ ಕತ್ತರಿಸುವ ಗೆರೆಗಳ) ಪದರದಲ್ಲಿ ಸೀಳು. ಸೀಳಿನ ಅಗಲ ದರ್ಜೆ 2ಕ್ಕೆ ಕನಿಷ್ಠ 1 ಮಿಮೀ, ದರ್ಜೆ 3ಕ್ಕೆ 1.5 ಮಿಮೀ ಇದ್ದರೆ ಮಾತ್ರ ಅದನ್ನು ಸುತ್ತುಹಾದಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಡಿಮೆಯಾದರೆ ಸೀಳು ಇಲ್ಲದ ಹಾಗೆಯೇ ಅಳೆಯಬೇಕು. ಫುಟ್‌ಪ್ರಿಂಟಿನ ಒಳಗೇ ಇದ್ದರೆ ಬೋರ್ಡ್ ಮಾಡುವವರು ಮರೆತರೂ ಅದು ಬಂದೇ ಬರುತ್ತದೆ.

ಅದೇ ರೀತಿ ಇಎಸ್‌ಪಿ32 ವೈಫೈ ಮಾಡ್ಯೂಲಿನ ಆಂಟೆನಾ ಕೆಳಗೆ ತಾಮ್ರ ಬಾರದ ವಲಯವೂ ಫುಟ್‌ಪ್ರಿಂಟಿನೊಳಗೇ ಇರಲಿ. ಇಳಿಸಿಕೊಂಡವುಗಳಲ್ಲಿ ಅದು ಇಲ್ಲದಿರುವುದೇ ಹೆಚ್ಚು.

ಯಂತ್ರದಲ್ಲಿ ಜೋಡಿಸಲಿಕ್ಕೆ ಕೊಡುವವರಾದರೆ ಇನ್ನೊಂದು. ಬಿಡಿಭಾಗ ಟೇಪಿನಲ್ಲಿ ಕೂತ ದಿಕ್ಕಿಗೂ ಲೈಬ್ರರಿಯಲ್ಲಿ ಬಿಡಿಸಿದ ದಿಕ್ಕಿಗೂ 90 ಅಥವಾ 180 ಡಿಗ್ರಿ ವ್ಯತ್ಯಾಸ ಬರುತ್ತದೆ. ಅದನ್ನು ಸರಿ ಮಾಡಲು ಫುಟ್‌ಪ್ರಿಂಟನ್ನೇ ತಿರುಗಿಸಬೇಡಿ, ಆಗಲೇ ಅದನ್ನು ಬಳಸಿದ ಬೋರ್ಡುಗಳಲ್ಲಿ ಅಪ್‌ಡೇಟ್ ಮಾಡಿದ ದಿನ ಪ್ಯಾಡುಗಳು ಟ್ರ್ಯಾಕ್ ಬಿಟ್ಟು ತಿರುಗುತ್ತವೆ. ತಿರುಗುವ ಕೋನಕ್ಕೆ ಸಿಂಬಲಿನಲ್ಲಿ ಪ್ರತ್ಯೇಕ ಫೀಲ್ಡ್ ಇಟ್ಟು, ಸ್ಥಾನದ ಫೈಲ್ ಹೊರತೆಗೆದ ಮೇಲೆ ಅಲ್ಲಿ ಸೇರಿಸಿ.

ತೇವ ಹೀರುವ ಭಾಗಗಳಿಗೆ ಎಂಎಸ್‌ಎಲ್ (ತೇವಕ್ಕೆ ಎಷ್ಟು ಸೂಕ್ಷ್ಮ ಎಂಬ) ದರ್ಜೆಯ ಫೀಲ್ಡೂ ಇರಲಿ. ದರ್ಜೆ 3 ಎಂದರೆ ಪೊಟ್ಟಣ ಒಡೆದ ಮೇಲೆ 168 ಗಂಟೆ, ಅದೂ 30 ಡಿಗ್ರಿ ಸೆಲ್ಸಿಯಸ್, 60% ತೇವಾಂಶ ದಾಟದ ಕೋಣೆಯಲ್ಲಿ. ನಮ್ಮ ಮಳೆಗಾಲದಲ್ಲಿ ಕಿಟಕಿ ತೆರೆದ ಕೋಣೆಗೆ ಆ 168ನ್ನು ನಂಬಲಿಕ್ಕಿಲ್ಲ. ಪಟ್ಟಿಯಲ್ಲಿ ದರ್ಜೆ ಕಂಡರೆ ಜೋಡಿಸುವವರು ಉಳಿದ ಭಾಗವನ್ನು ಒಣ ಡಬ್ಬಿಗೆ ಹಾಕುತ್ತಾರೆ.

ಬೈಕಂಪಾಡಿ_ಬೋರ್ಡ್

ಎಲ್ಲರಿಗೂ ಧನ್ಯವಾದ. ಇಷ್ಟು ನಿಶ್ಚಯ ಮಾಡಿದ್ದೇವೆ: ಟೀಮ್ ಫೋಲ್ಡರ್ ಗಿಟ್‌ನಲ್ಲಿ, ಕಚ್ಚಾ-ಪಕ್ಕಾ ಎರಡು ಲೈಬ್ರರಿ, ಸಿಂಬಲ್ ತಿದ್ದುವುದು ಒಬ್ಬರೇ, 30ರಲ್ಲಿ 7 ಪ್ರಾಜೆಕ್ಟ್ ಮಾತ್ರ ಬದಲಾವಣೆಗೆ. ರಿಲೇ ಫುಟ್‌ಪ್ರಿಂಟಿನಲ್ಲಿ ನಮ್ಮ ಸೀಳು 0.8 ಮಿಮೀ ಉಂಟು. ಅದನ್ನು 1.5 ಮಾಡುವಾಗ ಕಾಂಟ್ಯಾಕ್ಟ್ ಪ್ಯಾಡಿನ ಅಂಚಿಗೂ ಸೀಳಿಗೂ ಎಷ್ಟು ಬಿಡಬೇಕು?

ಉಪ್ಪುಗಾಳಿ

ಅದು ಬೋರ್ಡ್ ಮಾಡುವವರ ಯಂತ್ರದ ಮೇಲೆ ಹೋಗುತ್ತದೆ, ಅವರ ನಿಯಮದ ಪಟ್ಟಿಯಲ್ಲಿ ತಾಮ್ರಕ್ಕೂ ಅಂಚಿಗೂ ಕನಿಷ್ಠ ಅಂತರ ಬರೆದಿರುತ್ತಾರೆ. ಅದಕ್ಕಿಂತ ಸ್ವಲ್ಪ ಹೆಚ್ಚೇ ಬಿಡಿ, 0.5 ಮಿಮೀ ಇಟ್ಟುಕೊಂಡರೆ ಸಾಧಾರಣ ಎಲ್ಲರಲ್ಲೂ ನಡೆಯುತ್ತದೆ. ಬೋರ್ಡ್ ಸೆಟಪ್‌ನ ಕನ್‌ಸ್ಟ್ರೇಂಟ್ಸ್‌ನಲ್ಲಿ ಅಂಚಿನ ಅಂತರಕ್ಕೆ ಅದೇ ಸಂಖ್ಯೆ ಹಾಕಿ, ಆಗ ಡಿಆರ್‌ಸಿ ಸೀಳನ್ನೂ ಬೋರ್ಡಿನ ಅಂಚೆಂದೇ ನೋಡುತ್ತದೆ. ಪ್ಯಾಡ್ ಉರುಟಾಗಿದ್ದು ಜಾಗ ಸಾಲದಿದ್ದರೆ ಅಂಡಾಕಾರ ಮಾಡಿ, ಉದ್ದ ಬದಿ ಸೀಳಿಗೆ ಸಮಾನಾಂತರವಾಗಿರಲಿ. ಸೀಳಿನ ತುದಿಗಳು ಉರುಟಾಗಿರಬೇಕು, ಕತ್ತರಿಸುವ ಬಿಟ್ ದುಂಡಗಿನದ್ದು, ಚೌಕ ಮೂಲೆ ಬರೆದರೆ ಅವರು ವಾಪಸ್ ಕೇಳುತ್ತಾರೆ.